ಹೊಸ್ತಿಲ ಒಳಗೊಂದು ಎಲೆ

ಸಕಲೇಶಪುರ, ಆಲೂರು ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಬಿದಿರು ಮೆಳೆಗಳಲ್ಲಿ ಕಳಲೆ ಮೂಡುತ್ತದೆ. ಅದನ್ನು ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಯಿಟ್ಟು, ಅದರ ನಂಜು ಕಳೆದು ಪಲ್ಯ ಮಾಡುವುದನ್ನು ಇಲ್ಲಿನ ಗೃಹಿಣಿಯರಿಗೆ ಯಾರೂ ಕಲಿಸಬೇಕಿಲ್ಲ. ಬಿಸಿ ಕಡುಬಿಗೆ ಅದು ಒಳ್ಳೆಯ ಜೊತೆ.

ಈ ಕಳಲೆಯನ್ನು ದೂರದ ಅಸ್ಸಾಮಿನ ಗೃಹಿಣಿಯೂ ಬಲ್ಲಳು. ಅವಳು ಅದನ್ನು ಹುಳಿ ಬರಿಸಿ ‘ಖರಿಸಾ’ ಎನ್ನುತ್ತಾಳೆ. ಈಚಿನ ವರ್ಷಗಳಲ್ಲಿ ಕಾಫಿ ಕೊಯ್ಲಿಗೆಂದು ಅಸ್ಸಾಮಿನಿಂದಲೂ ಕುಟುಂಬಗಳು ಈ ಮಲೆಗಳಿಗೆ ಬರುತ್ತಿವೆ. ಭಾಷೆ ಬೇರೆ, ಉಡುಗೆ ಬೇರೆ. ನಾಲಗೆಯ ರುಚಿ ಮಾತ್ರ ನೆರೆಮನೆಯದು! ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣದ ಹೊರತು ಈ ನಂಟು ತಿಳಿಯುವುದೆಂತು?

ಹೊರಗಿನವರ ಆಗಮನ ಮಂಜರಾಬಾದಿಗೆ ಹೊಸತಲ್ಲ. ೧೮೫೦ರ ದಶಕದಲ್ಲಿ ಇಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್, ೧೮೯೪ರಲ್ಲಿ ತನ್ನ ಅನುಭವಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ತಮಿಳು, ತುಳು ನುಡಿಯ ಕೂಲಿಗಾರರೂ ಇಲ್ಲಿ ಬೆವರು ಹರಿಸಿದರು. ಹಬ್ಬದ ದಿನ ಧಣಿಯ ಮನೆಯ ಅನ್ನ ಅವರಿಗೂ ಸಿಗುತ್ತಿತ್ತು. ಆದರೆ ಎಲೆ ಹಾಕುತ್ತಿದ್ದುದು ಅಂಗಳದಲ್ಲಿ, ಹಿತ್ತಿಲಲ್ಲಿ. ಅದು ಔದಾರ್ಯವಿದ್ದೀತು, ಸಹಭೋಜನವಲ್ಲ.

ಜೊತೆಗೆ ಕುಳಿತು ಉಣ್ಣುವುದಕ್ಕೆ ಧೈರ್ಯವೂ ಬೇಕು. ೧೯೧೭ರ ಮೇ ೨೯ರಂದು ಕೊಚ್ಚಿ ಸಂಸ್ಥಾನದ ಚೆರಾಯಿಯಲ್ಲಿ ಈಳವ ತರುಣ ಅಯ್ಯಪ್ಪನ್, ಪುಲಯರೊಡನೆ ಮಿಶ್ರಭೋಜನ ಏರ್ಪಡಿಸಿದರು. ಸ್ವಜನರೇ ಸಿಡಿದೆದ್ದು ‘ಪುಲಯನ್ ಅಯ್ಯಪ್ಪನ್’ ಎಂದು ಹಳಿದರು. ಅವರು ಆ ಬೈಗುಳನ್ನೇ ಬಿರುದಾಗಿ ಸ್ವೀಕರಿಸಿದರು. ಮುಂದೆ ನಾಡು ಅವರನ್ನು ‘ಸಹೋದರನ್’ ಅಯ್ಯಪ್ಪನ್ ಎಂದೇ ನೆನೆಯಿತು.

೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ಅಳಿಸಿತು. ಹೋಟೆಲು, ಬಾವಿಗಳನ್ನು ಎಲ್ಲರಿಗೂ ತೆರೆಯಿತು. ಆದರೆ ಮನೆಯೊಳಗಿನ ಪಂಕ್ತಿಗೆ ಯಾರನ್ನು ಕರೆಯಬೇಕೆಂದು ಯಾವ ಕಾನೂನೂ ಹೇಳದು. ಆ ಬಾಗಿಲಿನ ಅಗಳಿ ಮನೆಯವರ ಕೈಯಲ್ಲೇ ಇದೆ.

ಅದನ್ನು ತೆಗೆಯಲು ಸಮಾರಂಭವೇನೂ ಬೇಡ. ಅತಿಥಿ ಏನು ಉಣ್ಣುವರು, ಏನು ಉಣ್ಣರು ಎಂದು ಮೊದಲೇ ಕೇಳಿ ತಿಳಿದರೆ ಸಂಕೋಚ ಅರ್ಧ ಕರಗುತ್ತದೆ. ತಟ್ಟೆ, ಲೋಟ ಮನೆಯವರವೇ ಆಗಿರಲಿ. ಕೂರುವ ಸ್ಥಳವೂ ಅದೇ ಇರಲಿ. ಇನ್ನೊಂದು ಮುಖ್ಯ ಮಾತು: ಮರುವಾರ ಅವರ ಲೈನುಮನೆಯಿಂದ ಕರೆ ಬಂದರೆ ನೆಪ ಹೇಳದೆ ಹೋಗಬೇಕು. ಬಡಿಸುವ ಕೈ ಎಂದೂ ಒಂದೇ ಆದರೆ ಅದು ದಾನ. ಕೈ ಬದಲಾದಾಗಲೇ ಅದು ಸ್ನೇಹ.

ಕಳಲೆಯ ನಂಜು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಮನಸ್ಸಿನದಕ್ಕೆ ತುಸು ಹೆಚ್ಚು ದಿನ ಬೇಕಾದೀತು. ಆದರೆ ನೀರು ಬದಲಿಸುವುದನ್ನು ನಿಲ್ಲಿಸಬಾರದು.