ತೋಟಾಕ್ಕೆ ಸವರಿದ ಕೊಬ್ಬು ಯಾವುದು?

ಹಂದಿ ಒದ್ದೆಯಾಗಿ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಿಂದ. ಶಾಫಿಈ ಮದ್‌ಹಬಿನ ಈ ಮಸ್‌ಅಲ ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಇದನ್ನು ಕಲಿಸುವಾಗಲೆಲ್ಲ ನಮಗೆ 1857ರ ತೋಟಾ ನೆನಪಾಗುತ್ತದೆ. ಅದನ್ನು ಸಿಪಾಯಿಗಳು ಹಲ್ಲಿನಿಂದಲೇ ಕಚ್ಚಿ ಹರಿಯಬೇಕಿತ್ತು.

ಕೊಬ್ಬು ಯಾಕೆ ಬೇಕಿತ್ತು? ಹಳೆಯ ಕೋವಿಯ ನಳಿಗೆ ಒಳಗೆ ನುಣುಪು, ಗುಂಡು ಸಡಿಲ. ನೂರು ಗಜ ದಾಟಿದರೆ ಗುರಿಯ ನಂಬಿಕೆ ಇಲ್ಲ. ಹೊಸ ಎನ್‌ಫೀಲ್ಡ್ ರೈಫಲ್‌ನ ನಳಿಗೆಯಲ್ಲಿ ಸುರುಳಿಯಾಗಿ ಮೂರು ಗೀರುಗಳಿದ್ದವು. ಸೀಸದ ಗುಂಡಿನ ಬುಡ ಟೊಳ್ಳು. ಮದ್ದು ಸಿಡಿದಾಗ ಬುಡ ಅಗಲವಾಗಿ ಗೀರನ್ನು ಹಿಡಿಯುತ್ತದೆ, ಗುಂಡು ತಿರುಗುತ್ತಾ ನೇರ ಹೋಗುತ್ತದೆ. ನೂರಾರು ಗಜ ದೂರಕ್ಕೂ ಗುರಿ ಹಿಡಿಯಬಹುದು. ಆದರೆ ಮದ್ದಿನ ಮಸಿ ನಳಿಗೆಯೊಳಗೆ ಕಟ್ಟಿಕೊಂಡರೆ ಮುಂದಿನ ಗುಂಡು ಕೆಳಗೆ ಇಳಿಯುವುದೇ ಇಲ್ಲ. ಅದಕ್ಕೇ ಜಿಡ್ಡು. ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿ, ಗುಂಡಿರುವ ತುದಿಗೆ ಕೊಬ್ಬು, ಜೇನುಮೇಣ ಸವರುತ್ತಿದ್ದರು. ದೂರದ ಗುರಿ ನಿಂತದ್ದು ಈ ಜಿಡ್ಡಿನ ಮೇಲೆ ಅಂದರೂ ತಪ್ಪಿಲ್ಲ.

ಯಾವ ಪ್ರಾಣಿಯ ಕೊಬ್ಬು? ಕಂಪೆನಿಯವರು ಇದನ್ನು ಸರಿಯಾಗಿ ವಿಚಾರಿಸಿಯೇ ಇರಲಿಲ್ಲ. ಕರ್ನಲ್ ಟಕ್ಕರ್ ಎಂಬ ಅವರದೇ ಅಧಿಕಾರಿ 1853ರಲ್ಲೇ ಎಚ್ಚರಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1857ರ ಜನವರಿಯಲ್ಲಿ ದಮ್‌ದಮ್‌ನಲ್ಲಿ ದನದ ಕೊಬ್ಬು, ಹಂದಿಯ ಕೊಬ್ಬು ಎಂಬ ಮಾತು ಎದ್ದಿತು. ಆಮೇಲೆ, ಜಿಡ್ಡು ನೀವೇ ಸವರಿಕೊಳ್ಳಿ, ಹಲ್ಲಿನ ಬದಲು ಕೈಯಲ್ಲಿ ಹರಿಯಿರಿ ಅಂದರು. ಅಷ್ಟರಲ್ಲಿ ನಂಬಿಕೆ ಹೋಗಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರಲ್ಲಿ 85 ಮಂದಿ ತೋಟಾ ಮುಟ್ಟಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮುಸ್ಲಿಮರು, ಉಳಿದವರು ಹಿಂದೂಗಳು. ಅಲ್ಲಿ ಕೊಟ್ಟದ್ದು ಹಳೆಯ ತೋಟಾವೇ ಆಗಿತ್ತಂತೆ! ಸಂಶಯ ಹುಟ್ಟಿದ ಮೇಲೆ ಹಳೆಯದೇನು, ಹೊಸದೇನು?

ಇದೆಲ್ಲ ಉತ್ತರದ ಕಥೆ ಎಂದು ನಮ್ಮ ಕರಾವಳಿಯವರು ಅಂದುಕೊಳ್ಳುವುದುಂಟು. ನಿಪ್ಪಾಣಿಯಲ್ಲಿ ನಿಂತರೆ ಹಾಗೆ ಅನಿಸುವುದಿಲ್ಲ. ಅಲ್ಲಿಂದ ಕೊಲ್ಹಾಪುರಕ್ಕೆ ಸುಮಾರು 40 ಕಿಲೋಮೀಟರ್. 1857ರ ಜುಲೈ 31ರ ರಾತ್ರಿ ಅಲ್ಲಿ 27ನೇ ಬಾಂಬೆ ಪದಾತಿ ದಳದ ಸಿಪಾಯಿಗಳು ದಂಗೆ ಎದ್ದರು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಈಚೆ ಬೆಳಗಾವಿಯಲ್ಲಿ ಕಂಪೆನಿಯ ದಂಡು ಇತ್ತು, ನಡುವಿನ ದಾರಿ ನಿಪ್ಪಾಣಿಯದು. ಕೊಲ್ಹಾಪುರದ ದಂಗೆಗೆ ತೋಟಾ ಒಂದೇ ಕಾರಣ ಅಂತ ನಾವು ಹೇಳುವುದಿಲ್ಲ. ಆಗಸ್ಟ್‌ನಲ್ಲಿ ಆ ದಳದ ಆಯುಧ ಕಿತ್ತುಕೊಂಡರು, ಎಷ್ಟೋ ಮಂದಿಯನ್ನು ಕೊಂದರು. ನವೆಂಬರ್‌ನಲ್ಲಿ ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಅಂದದ್ದು ಇದೇ ಸೀಮೆಯಲ್ಲಿ.

ಮೊನ್ನೆ ಒಬ್ಬ ಹುಡುಗ ಚಾಕಲೇಟಿನ ಕಾಗದ ಹಿಡಿದುಕೊಂಡು ಬಂದ. "ಉಸ್ತಾದ್, ಇದರಲ್ಲಿ ಜೆಲಾಟಿನ್ ಅಂತ ಉಂಟು, ಯಾವುದರದ್ದು?" ಪಕ್ಕದವನು ನಕ್ಕ. ನಾವು ನಗಲಿಲ್ಲ. ಕಾಗದದಲ್ಲಿ ಅದು ಬರೆದಿರಲಿಲ್ಲ. ಗೊತ್ತಾಗುವವರೆಗೆ ತಿನ್ನಬೇಡ ಮೋನೇ, ಅಂಗಡಿಯವರಲ್ಲಿ ಕೇಳಿ ಬಾ ಎಂದು ಕಳಿಸಿದೆವು.