ಕಾರಿನ ತಂಪುಯಂತ್ರವೂ ನಿರ್ವಾತವೂ

ಕಾರಿನ ಹವಾನಿಯಂತ್ರಣವನ್ನು ಮನೆಯಲ್ಲಿಯೇ ದುರಸ್ತಿ ಮಾಡುವವರು ಹೊಸ ಶೀತಕವನ್ನು ತುಂಬುವ ಮೊದಲು ನಿರ್ವಾತ ಪಂಪಿನಿಂದ ಕೊಳವೆಗಳೊಳಗಿನ ಗಾಳಿಯನ್ನು ಹೊರಸೆಳೆಯುವರು. ಕೆಲವೇ ನಿಮಿಷಗಳಲ್ಲಿ ಮಾಪಕದ ಮುಳ್ಳು ಇಳಿದು ನಿಲ್ಲುವುದು. ಆದರೂ ಪಂಪನ್ನು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ನಡೆಸಬೇಕೆಂದು ಬಲ್ಲವರು ಹೇಳುವರು. ಗಾಳಿ ಹೋದ ಮೇಲೆ ಪಂಪಿಗೇನು ಕೆಲಸ?

ನೀರನ್ನು ಕುದಿಸುವ ಕೆಲಸ! ದ್ರವದ ಆವಿಯ ಒತ್ತಡವು ಹೊರಗಿನ ಒತ್ತಡಕ್ಕೆ ಸಮನಾದಾಗ ದ್ರವ ಕುದಿಯುವುದೆಂದು ನಾವು ಬಲ್ಲೆವಷ್ಟೆ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ 760 ಮಿ.ಮೀ. ಪಾದರಸ, ಅಲ್ಲಿ ನೀರು 100° ಸೆಂ. ಉಷ್ಣತೆಯಲ್ಲಿ ಕುದಿಯುವುದು. ಒತ್ತಡವನ್ನು ಸುಮಾರು 32 ಮಿ.ಮೀ.ಗೆ ಇಳಿಸಿದರೆ 30° ಸೆಂ.ನಲ್ಲಿಯೇ ಕುದಿಯುವುದು. ಕೊಳವೆಯನ್ನು ಬಿಚ್ಚಿದಾಗ ಒಳಹೊಕ್ಕ ತೇವವನ್ನು ಬೆಂಕಿಯಿಲ್ಲದೆ ಆವಿಯಾಗಿಸಿ ಹೊರಗಟ್ಟುವ ಉಪಾಯವಿದು. ಆದರೆ ನೀರು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಸುತ್ತಣ ಲೋಹದಿಂದಲೇ ಪಡೆಯಬೇಕು. ಯಂತ್ರದ ಎಣ್ಣೆಯಲ್ಲಿ ಬೆರೆತ ತೇವವಂತೂ ಮೆಲ್ಲಮೆಲ್ಲನೆ ಹೊರಬರುವುದು. ಆದುದರಿಂದಲೇ ಇಷ್ಟು ಕಾಲ ಬೇಕು.

ತೇವ ಉಳಿದರೆ ಕೇಡೇನು? ವಿಕಸನ ಕವಾಟದ ಕಿರಿದಾದ ರಂಧ್ರದಲ್ಲಿ ಅದು ಮಂಜುಗಡ್ಡೆಯಾಗಿ ಶೀತಕದ ದಾರಿಯನ್ನು ಮುಚ್ಚಬಹುದು. ಶೀತಕದೊಡನೆಯೂ ಎಣ್ಣೆಯೊಡನೆಯೂ ಕೂಡಿ ಆಮ್ಲವನ್ನು ಹುಟ್ಟಿಸಿ ಲೋಹವನ್ನು ತಿನ್ನಬಹುದು.

ಸಾಮಾನ್ಯ ಮಾಪಕವು ತೋರಿಸುವುದು ಹೊರಗಿನ ಮತ್ತು ಒಳಗಿನ ಒತ್ತಡಗಳ ಅಂತರವನ್ನು. ಆದುದರಿಂದ ಮಂಗಳೂರಿನಲ್ಲಿ ಮುಳ್ಳು 760ರ ಸಮೀಪಕ್ಕೆ ಬಂದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 685ರ ಆಸುಪಾಸಿನಲ್ಲಿಯೇ ನಿಲ್ಲುವುದು. ಅದಕ್ಕಾಗಿ ಪಂಪನ್ನು ದೂರಬೇಕಾಗಿಲ್ಲ.

ಕೊನೆಗೆ ಕವಾಟವನ್ನು ಮುಚ್ಚಿ, ಪಂಪನ್ನು ನಿಲ್ಲಿಸಿ, ಮುಳ್ಳನ್ನು ಗಮನಿಸಬೇಕು. ಅದು ಸ್ವಲ್ಪವೇ ಹಿಂದಿರುಗಿ ನಿಂತರೆ ಒಳಗೆ ಇನ್ನೂ ನೀರಿದೆ. ಆವಿಯ ಒತ್ತಡ ತನ್ನ ಮಿತಿಯನ್ನು ಮುಟ್ಟಿತೆಂದು ಅರ್ಥ. ನಿಲ್ಲದೆ ಹಿಂದಿರುಗುತ್ತಲೇ ಇದ್ದರೆ ಎಲ್ಲಿಯೋ ಸೋರಿಕೆಯಿದೆ.

ಇಷ್ಟನ್ನೆಲ್ಲ ಮನೆಯಲ್ಲಿ ಮಾಡಬಹುದಾದರೂ, ಇದಕ್ಕೂ ಮೊದಲಿನ ಒಂದು ಕೆಲಸವನ್ನು ಮನೆಯಲ್ಲಿ ಮಾಡಕೂಡದು: ಹಳೆಯ ಶೀತಕವನ್ನು ಹೊರತೆಗೆಯುವುದು. ಹಿಂದೆ ಬಳಕೆಯಲ್ಲಿದ್ದ ಆರ್-12 ಓಜೋನ್ ಪದರವನ್ನು ಕೆಡಿಸುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದವು ಅದಕ್ಕೆ ಕಡಿವಾಣ ಹಾಕಿತು. ಅನಂತರ ಬಂದ ಆರ್-134ಎ ಓಜೋನನ್ನು ಕೆಡಿಸದು; ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋಗ್ರಾಂ ಭೂಮಿಯನ್ನು ಬಿಸಿಮಾಡುವ ಪ್ರಮಾಣವು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಮೇಲಾಗಿ ಅದು ಕುದಿಯುವುದು −26° ಸೆಂ.ನಲ್ಲಿ, ಚಿಮ್ಮಿದರೆ ಚರ್ಮವೂ ಕಣ್ಣೂ ಹೆಪ್ಪುಗಟ್ಟುವ ಅಪಾಯವುಂಟು. ಅದನ್ನು ಹಿಂದಕ್ಕೆ ಪಡೆದು ಉರುಳೆಯಲ್ಲಿ ತುಂಬಿಡುವ ಯಂತ್ರವು ಕಾರ್ಯಾಗಾರಗಳಲ್ಲಿರುವುದು. ಆ ಹೆಜ್ಜೆಯನ್ನು ಅಲ್ಲಿಗೆ ಬಿಟ್ಟು, ಉಳಿದುದನ್ನು ತಾಳ್ಮೆಯಿಂದ ಮಾಡುವುದು ಲೇಸು.