ಆಮೇಲೆ ಬನ್ನಿ ಎನ್ನುವ ಸರ್ವರ್

ಸ್ಪ್ಯಾಮ್ ತಡೆಯಲು ಹೂಡಿದ ಉಪಾಯಗಳಲ್ಲಿ 2003ರಲ್ಲಿ ಇವಾನ್ ಹ್ಯಾರಿಸ್ ಮುಂದಿಟ್ಟ ‘ಗ್ರೇಲಿಸ್ಟಿಂಗ್’ನಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಗುರುತಿಲ್ಲದ ಸರ್ವರ್ ಮೇಲ್ ತಂದರೆ ನಮ್ಮ ಸರ್ವರ್ ಅದನ್ನು ಬಿಚ್ಚಿ ನೋಡುವುದೇ ಇಲ್ಲ. ತಂದ ಯಂತ್ರದ ಐಪಿ ವಿಳಾಸ, ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ, ಈ ಮೂರನ್ನು ಬರೆದಿಟ್ಟುಕೊಂಡು ‘451’ ಎಂಬ ಸಂಕೇತ ಕೊಡುತ್ತದೆ: ಈಗ ಆಗದು, ಆಮೇಲೆ ಬನ್ನಿ. ನೆಟ್ಟಗೆ ನಡೆಯುವ ಸರ್ವರ್ ಆ ಮೇಲನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಬರುತ್ತದೆ. ಮೇಲ್ ಸಾಗಣೆಯ ನಿಯಮಾವಳಿಯಲ್ಲಿ ಮೊದಲಿನಿಂದಲೂ ಇದಕ್ಕೆ ಅವಕಾಶವಿದೆ. ಲಕ್ಷಗಟ್ಟಲೆ ವಿಳಾಸಗಳಿಗೆ ಒಂದೇ ಸಮನೆ ಸುರಿಯುತ್ತಿದ್ದ ಅಂದಿನ ಸ್ಪ್ಯಾಮ್ ತಂತ್ರಾಂಶಗಳಿಗೆ ಹೀಗೆ ಕಾಯುವ ವ್ಯವಧಾನವಿರಲಿಲ್ಲ. ಹ್ಯಾರಿಸ್ ಸೂಚಿಸಿದ ಅವಧಿಗಳೂ ಸೊಗಸಾಗಿವೆ: ಮೊದಲ ಒಂದು ಗಂಟೆ ತಡೆ, ನಾಲ್ಕು ಗಂಟೆಯೊಳಗೆ ಮರಳಿದರೆ ಪ್ರವೇಶ, ಮುಂದೆ 36 ದಿನ ಮುಕ್ತ ಸಂಚಾರ. 30 ಅಲ್ಲ, 36. ತಿಂಗಳ ಮೊದಲ ಸೋಮವಾರವಷ್ಟೇ ಬರುವ ಪತ್ರವೂ ಮತ್ತೆ ಬಾಗಿಲಲ್ಲಿ ನಿಲ್ಲಬಾರದು ಎಂಬ ಕಾಳಜಿ ಆ ಆರು ದಿನಗಳಲ್ಲಿದೆ.

1978ರ ಮೇ 3ರಂದು ಗ್ಯಾರಿ ಥುರ್ಕ್ ಇಂಟರ್ನೆಟ್‌ನ ಪೂರ್ವಜವಾದ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿದ ದಿನದಿಂದಲೂ ರೋಗದ ಮೂಲ ಒಂದೇ. ಕಳಿಸುವವನಿಗೆ ಖರ್ಚಿಲ್ಲ, ಹೊರೆಯೆಲ್ಲ ಪಡೆಯುವವನದು. ಪದಗಳನ್ನು ಎಣಿಸಿ ಪತ್ರದ ಬಣ್ಣ ಹೇಳುವ ಶೋಧಕಗಳು ಈ ಮೂಲವನ್ನು ಮುಟ್ಟುವುದಿಲ್ಲ; ಕಾಯುವ ಹೊರೆಯನ್ನು ಕಳಿಸುವವನ ಮೇಲೆ ಹಾಕುವ ಗ್ರೇಲಿಸ್ಟಿಂಗ್ ಮುಟ್ಟುತ್ತದೆ. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನದಿಂದ ಈ ಬಗೆಯ ಶೋಧಕಗಳು ಜನಪ್ರಿಯವಾದವು, ಚೆನ್ನಾಗಿಯೇ ಕೆಲಸ ಮಾಡಿದವು. ಸ್ಪ್ಯಾಮ್ ಕಳಿಸುವವರು ಕಾಗುಣಿತ ಕೆಡಿಸಿದರು, ಮಾತನ್ನು ಚಿತ್ರದೊಳಗೆ ಅಡಗಿಸಿದರು, ಓಟ ಮುಂದುವರಿಯಿತು. ಪ್ರತ್ಯಯ ಹತ್ತಿ ಒಂದೇ ಪದ ಹತ್ತಾರು ರೂಪ ತಾಳುವ ಕನ್ನಡದಲ್ಲಿ ಪದದ ಲೆಕ್ಕ ಚದುರಿಹೋಗುತ್ತದೆ. ‘451’ಕ್ಕೆ ಭಾಷೆಯ ಹಂಗಿಲ್ಲ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಶೋಧಕ ತಪ್ಪಿದರೆ ಕೆಲಸದ ಸಂದರ್ಶನದ ಕರೆಯೊಂದು ಸ್ಪ್ಯಾಮ್ ಕಡತದಲ್ಲಿ ಸದ್ದಿಲ್ಲದೆ ಹೂತುಹೋಗುತ್ತದೆ. ಗ್ರೇಲಿಸ್ಟಿಂಗ್‌ನಲ್ಲಿ ಪತ್ರ ಕೊನೆಗೂ ತಲುಪದಿದ್ದರೆ ಕಳಿಸಿದವರಿಗೆ ಅವರ ಸರ್ವರ್ ತಿಳಿಸುತ್ತದೆ.

ಸ್ಪ್ಯಾಮ್ ತಂತ್ರಾಂಶವೂ ಮರಳಿ ಬರುವುದನ್ನು ಕಲಿಯದೇ ಎಂದು ಕೇಳಬಹುದು. ಕಲಿತಿದೆ, ನಿಜ. ಆದರೆ ಕಾಯುವ ಆ ಒಂದು ಗಂಟೆಯಲ್ಲಿ ಅದರ ಐಪಿ ವಿಳಾಸ ಕಪ್ಪುಪಟ್ಟಿ ಸೇರುವ ಸಂಭವ ಹೆಚ್ಚುತ್ತದೆ. ಒಟಿಪಿ ತಡವಾಗುತ್ತದೆಂಬ ದೂರು ಹೆಚ್ಚು ಗಟ್ಟಿಯಾದದ್ದು. ಐದು ನಿಮಿಷಕ್ಕೆ ಮುಗಿಯುವ ಸಂಖ್ಯೆಗೆ ಒಂದು ಗಂಟೆಯ ತಡೆ ಅನ್ಯಾಯವೇ. ಅಂಥ ಕಡೆ ತಡೆಯನ್ನು ಕೆಲವೇ ನಿಮಿಷಕ್ಕೆ ಇಳಿಸಬೇಕು, ಗೊತ್ತಿರುವ ಬ್ಯಾಂಕುಗಳಿಗೆ ವಿನಾಯಿತಿ ಕೊಡಬೇಕು. ಹಾಗೆಂದು ಕಳಿಸುವವನ ಮೇಲೆ ಹೇರುವ ಹೊಣೆಯೆಲ್ಲ ಒಳ್ಳೆಯದೆಂದೂ ಅಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ, ಕಳಿಸಿದವರ ಗುರುತು ಪರೀಕ್ಷಿಸುವ ತನ್ನ ಡಿಮಾರ್ಕ್ ನೀತಿಯನ್ನು ಏಕಾಏಕಿ ಬಿಗಿಗೊಳಿಸಿದಾಗ, ಸದಸ್ಯರ ಪತ್ರವನ್ನು ಎಲ್ಲರಿಗೂ ಹಂಚುವ ಮೇಲಿಂಗ್ ಲಿಸ್ಟ್‌ಗಳು ನಕಲಿಗಳಂತೆ ಕಂಡು ಅವು ಹಂಚಿದ ಯಾಹೂ ಸದಸ್ಯರ ಮೇಲ್‌ಗಳು ತಿರಸ್ಕೃತವಾದವು. 2024ರ ಫೆಬ್ರವರಿಯಿಂದ ಗೂಗಲ್ ಜಾರಿಗೆ ತಂದ ನಿಯಮಗಳು ಇದಕ್ಕಿಂತ ಹದವಾಗಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಮ್ಮ ಗುರುತು ಸಾಬೀತುಪಡಿಸಬೇಕು, ಸ್ಪ್ಯಾಮ್ ದೂರುಗಳನ್ನು ಶೇ 0.3ಕ್ಕಿಂತ ಕೆಳಗಿಡಬೇಕು, ಪ್ರಚಾರದ ಮೇಲ್‌ಗಳಿಂದ ಒಂದೇ ಕ್ಲಿಕ್ಕಿನಲ್ಲಿ ಹೊರಬರುವ ದಾರಿ ಕೊಡಬೇಕು. ಸಣ್ಣ ಸಂಘಸಂಸ್ಥೆಗಳು ಈ ಮಿತಿಯನ್ನು ಮುಟ್ಟುವುದು ಅಪರೂಪ. ಹೆಚ್ಚಿನ ಭಾರ ಬೀಳುವುದು ಸಗಟಾಗಿ ಕಳಿಸುವವರ ಮೇಲೆಯೇ.